ಮೆಡ್ಗರ್ ಎವರ್ಸ್: ಬಾಯಿ ಮುಚ್ಚಿದ ನಾಡಿನಲ್ಲಿ ನ್ಯಾಯದ ಸಾಕ್ಷಿ

ಅನ್ಯಾಯವು ಅನ್ಯಾಯಗಾರನ ತೋಳ್ಬಲದಿಂದ ಮಾತ್ರ ಬದುಕುವುದಿಲ್ಲ. ಅದನ್ನು ಕಣ್ಣಾರೆ ಕಂಡೂ ಬಾಯಿ ಬಿಡದವರ ಮೌನವೂ ಅದಕ್ಕೆ ಅನ್ನ ನೀರು ಕೊಡುತ್ತದೆ. ಕಂಡದ್ದನ್ನು ಕಂಡ ಹಾಗೆ ಹೇಳುವ ಒಬ್ಬನೇ ಒಬ್ಬ ಸಾಕ್ಷಿ ಎದ್ದು ನಿಂತರೂ ಸಾಕು, ದಬ್ಬಾಳಿಕೆಯ ಬುಡ ಅಲುಗಾಡತೊಡಗುತ್ತದೆ. ಆದ್ದರಿಂದಲೇ ದಬ್ಬಾಳಿಕೆ ನಡೆಸುವವರು ಎಲ್ಲಕ್ಕಿಂತ ಹೆಚ್ಚಾಗಿ ಸಾಕ್ಷಿಗಳಿಗೆ ಹೆದರುತ್ತಾರೆ.

ಅಮೇರಿಕದ ದಕ್ಷಿಣದಲ್ಲಿ ಮಿಸಿಸಿಪ್ಪಿ ಎಂಬ ರಾಜ್ಯವಿದೆ. 1955ರ ಬೇಸಿಗೆಯ ಕೊನೆಯಲ್ಲಿ ಅಲ್ಲಿನ ಹತ್ತಿಯ ತೋಟಗಳ ನಡುವೆ ಮೂವರು ಕೂಲಿಯಾಳುಗಳ ವೇಷ ತೊಟ್ಟು ತಿರುಗಾಡುತ್ತಿದ್ದರು. ಅವರು ಹುಡುಕುತ್ತಿದ್ದುದು ಕೆಲಸವನ್ನಲ್ಲ, ಸಾಕ್ಷಿಗಳನ್ನು. ಹದಿನಾಲ್ಕು ವರ್ಷದ ಕರಿಯ ಹುಡುಗನೊಬ್ಬನನ್ನು ಕೊಂದು ನದಿಗೆ ಎಸೆಯಲಾಗಿತ್ತು. ಕಂಡವರಿದ್ದರು, ಆದರೆ ಹೇಳುವ ಧೈರ್ಯ ಯಾರಿಗೂ ಇರಲಿಲ್ಲ. ಆ ಮೂವರಲ್ಲಿ ಒಬ್ಬರಾಗಿದ್ದ ಮೂವತ್ತು ವರ್ಷದ ಯುವಕನೇ ಮೆಡ್ಗರ್ ಎವರ್ಸ್. ಮುಂದಿನ ಸುಮಾರು ಎಂಟು ವರ್ಷ ಅವರು ಇದೇ ಕೆಲಸವನ್ನು ಮಾಡಿದರು. ಕೊನೆಗೆ ಅವರದೇ ಕೊಲೆಗೆ ಸಾಕ್ಷಿ ಹುಡುಕಬೇಕಾದ ಸ್ಥಿತಿ ಬಂತು.

ಬೇಲಿಯಾಚೆಯ ಬಟ್ಟೆಗಳು

ಮೆಡ್ಗರ್ ಎವರ್ಸ್ ಹುಟ್ಟಿದ್ದು 1925ರ ಜುಲೈ 2ರಂದು, ಮಿಸಿಸಿಪ್ಪಿಯ ಡಿಕೇಟರ್ ಎಂಬ ಸಣ್ಣ ಊರಿನಲ್ಲಿ. ತಂದೆ ಜೇಮ್ಸ್ ಮರದ ಮಿಲ್ಲಿನಲ್ಲಿ ದುಡಿಯುತ್ತಿದ್ದರು, ಜೊತೆಗೆ ಒಂದಿಷ್ಟು ಬೇಸಾಯವಿತ್ತು. ತಾಯಿ ಜೆಸ್ಸಿ ದೈವಭಕ್ತೆ. ಬಿಳಿಯರ ಮನೆಯ ಬಟ್ಟೆ ಒಗೆದು ಇಸ್ತ್ರಿ ಮಾಡಿ ಮಕ್ಕಳನ್ನು ಸಾಕಿದವರು. ಬಿಳಿಯನೊಬ್ಬ ಎದುರು ಬಂದರೆ ಕರಿಯನು ಕಾಲುದಾರಿ ಬಿಟ್ಟು ರಸ್ತೆಗಿಳಿಯಬೇಕೆಂಬುದು ಅಂದಿನ ಕಟ್ಟಳೆ. ಜೇಮ್ಸ್ ಮಾತ್ರ ಇಳಿಯುತ್ತಿರಲಿಲ್ಲ. ತಲೆ ಎತ್ತಿ ನಡೆಯುವುದನ್ನು ತಂದೆಯಿಂದಲೂ ದೇವರಿಗೆ ಅಂಜಿ ನಡೆಯುವುದನ್ನು ತಾಯಿಯಿಂದಲೂ ಮೆಡ್ಗರ್ ಕಲಿತರು.

ಅವರಿನ್ನೂ ಹುಡುಗನಾಗಿದ್ದಾಗ ತಂದೆಯ ಗೆಳೆಯರೊಬ್ಬರನ್ನು ಬಿಳಿಯರ ಗುಂಪು ಎಳೆದೊಯ್ದು ಕೊಂದುಹಾಕಿತು. ಬಿಳಿಯ ಹೆಂಗಸೊಬ್ಬಳಿಗೆ ಎದುರು ಮಾತನಾಡಿದರೆಂಬುದೇ ಅವರ ಮೇಲಿದ್ದ ಆರೋಪ. ರಕ್ತಸಿಕ್ತ ಬಟ್ಟೆಗಳು ಬಹುಕಾಲ ಹೊಲದಲ್ಲೇ ಬಿದ್ದಿದ್ದವು. ಮೆಡ್ಗರ್ ಮತ್ತು ಅಣ್ಣ ಚಾರ್ಲ್ಸ್ ಆ ದಾರಿಯಲ್ಲಿ ಹೋಗುವಾಗಲೆಲ್ಲ ಅವು ಕಣ್ಣಿಗೆ ಬೀಳುತ್ತಿದ್ದವು. ಕೊಂದವರು ಯಾರೆಂದು ಊರಿಗೆಲ್ಲ ಗೊತ್ತಿತ್ತು. ಯಾರೂ ಮಾತನಾಡಲಿಲ್ಲ, ಯಾರಿಗೂ ಶಿಕ್ಷೆಯಾಗಲಿಲ್ಲ. ಆ ಬಟ್ಟೆಗಳಿಗಿಂತ ಹೆಚ್ಚಾಗಿ ಆ ಮೌನವೇ ಬಾಲಕನ ಎದೆಯಲ್ಲಿ ಮುಳ್ಳಾಗಿ ಉಳಿಯಿತು.

ಶಾಲೆಯೂ ಎರಡು ಬಗೆ. ಬಿಳಿಯ ಮಕ್ಕಳಿಗೆ ಬಸ್ಸು, ಕರಿಯ ಮಕ್ಕಳಿಗೆ ಕಾಲ್ನಡಿಗೆ. ಪ್ರೌಢಶಾಲೆಗಾಗಿ ಮೆಡ್ಗರ್ ಪಕ್ಕದ ನ್ಯೂಟನ್ ಪಟ್ಟಣಕ್ಕೆ ಮೈಲುಗಟ್ಟಲೆ ನಡೆದರು. ಓದು ಮುಗಿಯುವ ಮೊದಲೇ, 1943ರಲ್ಲಿ ಸೇನೆಗೆ ಸೇರಿದರು. ಅಲ್ಲಿಯೂ ಕರಿಯರ ತುಕಡಿ ಬೇರೆ, ಬಿಳಿಯರ ತುಕಡಿ ಬೇರೆ. 1944ರಲ್ಲಿ ನಾರ್ಮಂಡಿಯ ದಂಡಯಾತ್ರೆಯ ವೇಳೆ ಅವರು ಫ್ರಾನ್ಸ್‌ನಲ್ಲಿ ಸೇವೆ ಸಲ್ಲಿಸಿದರು. ತನ್ನನ್ನು ಮನುಷ್ಯನೆಂದೇ ಕಾಣುವ ಬಿಳಿಯರನ್ನು ಅವರು ಮೊದಲು ನೋಡಿದ್ದು ಆ ಪರದೇಶದಲ್ಲಿ. ಹಾಗಾದರೆ ತನ್ನೂರಿನ ಕಟ್ಟಳೆ ಸೃಷ್ಟಿಕರ್ತನ ನಿಯಮವಲ್ಲ, ಮನುಷ್ಯರೇ ಹೆಣೆದದ್ದು ಎಂಬುದು ಅವರಿಗೆ ಅಲ್ಲಿ ಮನದಟ್ಟಾಯಿತು.

ಮತಪೆಟ್ಟಿಗೆಯ ಬಾಗಿಲಲ್ಲಿ

ಹಿಟ್ಲರನ ಜನಾಂಗ ದ್ವೇಷದ ವಿರುದ್ಧ ಹೋರಾಡಿದ ಯೋಧನು 1946ರಲ್ಲಿ ಮನೆಗೆ ಮರಳಿದನು. ಆ ವರ್ಷದ ಜುಲೈ 2ರಂದು ಮತದಾನವಿತ್ತು. ಅದು ಮೆಡ್ಗರ್‌ರ ಇಪ್ಪತ್ತೊಂದನೆಯ ಹುಟ್ಟುಹಬ್ಬವೂ ಹೌದು, ಮತ ಹಾಕುವ ವಯಸ್ಸು ತುಂಬಿದ ದಿನವೂ ಹೌದು. ಅಣ್ಣ ಮತ್ತು ನಾಲ್ವರು ಗೆಳೆಯರೊಂದಿಗೆ ಅವರು ಡಿಕೇಟರ್‌ನ ನ್ಯಾಯಾಲಯದ ಕಟ್ಟಡಕ್ಕೆ ಹೋದರು. ಅಲ್ಲಿ ಆಯುಧ ಹಿಡಿದ ಬಿಳಿಯರ ಗುಂಪು ಕಾದಿತ್ತು. ಆರೂ ಮಂದಿ ಮತ ಹಾಕದೆ ಮರಳಬೇಕಾಯಿತು.

ಮತದ ಪ್ರಶ್ನೆ ಅಷ್ಟೇಕೆ ದೊಡ್ಡದು ಎಂದು ಓದುಗರಿಗೆ ಅನಿಸಬಹುದು. ಅದರ ಒಳಗುಟ್ಟು ಹೀಗಿದೆ. ಗುಲಾಮಗಿರಿ ಅಳಿದ ನಂತರ ಕರಿಯರಿಗೆ ಮತದ ಹಕ್ಕು ಸಿಕ್ಕಿತ್ತು. ಅದನ್ನು ಕಸಿಯಲೆಂದೇ ಮಿಸಿಸಿಪ್ಪಿಯು 1890ರಲ್ಲಿ ಹೊಸ ಸಂವಿಧಾನ ರಚಿಸಿತು. ಮತದಾರನು ತೆರಿಗೆ ಕಟ್ಟಬೇಕು, ಅಧಿಕಾರಿ ತೋರಿಸಿದ ಕಾನೂನಿನ ಭಾಗವನ್ನು ಓದಬೇಕು ಅಥವಾ ಕೇಳಿ ಅರ್ಥ ಹೇಳಬೇಕು. ಅರ್ಥ ಸರಿಯೋ ತಪ್ಪೋ ಎಂದು ನಿರ್ಧರಿಸುವವನು ಬಿಳಿಯ ಅಧಿಕಾರಿ. ಹೀಗೆ ಮತದಾರರ ಪಟ್ಟಿಯಿಂದ ಕರಿಯರು ಮಾಯವಾದರು. ಅಪರಾಧದ ತೀರ್ಪು ಕೊಡುವ ಜ್ಯೂರಿಯ ಹನ್ನೆರಡು ಮಂದಿಯನ್ನು ಆರಿಸುತ್ತಿದ್ದುದು ಅದೇ ಪಟ್ಟಿಯಿಂದ. ಪಟ್ಟಿಯಲ್ಲಿ ಹೆಸರಿಲ್ಲದವನು ಜ್ಯೂರಿಯಲ್ಲಿ ಕೂರುವಂತಿಲ್ಲ. ಆದ್ದರಿಂದ ಕರಿಯನನ್ನು ಬಿಳಿಯನು ಕೊಂದರೆ ತೀರ್ಪು ಕೊಡುವವರೆಲ್ಲರೂ ಬಿಳಿಯರೇ. ಮತವಿಲ್ಲದವನಿಗೆ ನ್ಯಾಯವೂ ಇಲ್ಲ, ಪ್ರಾಣಕ್ಕೆ ಬೆಲೆಯೂ ಇಲ್ಲ ಎಂಬುದು ಆ ವ್ಯವಸ್ಥೆಯ ತಿರುಳು.

1948ರಲ್ಲಿ ಮೆಡ್ಗರ್ ಕರಿಯರಿಗಾಗಿ ಇದ್ದ ಆಲ್ಕಾರ್ನ್ ಕಾಲೇಜು ಸೇರಿದರು. ಓದಿನಲ್ಲೂ ಆಟದಲ್ಲೂ ಮುಂದಿದ್ದು, ಕಾಲೇಜಿನ ಪತ್ರಿಕೆಯ ಸಂಪಾದಕರೂ ಆದರು. ಅಲ್ಲಿ ಪರಿಚಯವಾದ ಮೈರ್ಲಿ ಬೀಸ್ಲಿಯವರನ್ನು 1951ರ ಡಿಸೆಂಬರ್‌ನಲ್ಲಿ ವಿವಾಹವಾದರು. 1952ರಲ್ಲಿ ಪದವಿ ಪಡೆದು ಮೌಂಡ್ ಬಾಯೂ ಎಂಬ ಊರಿಗೆ ಹೋಗಿ, ಡಾ. ಹೊವಾರ್ಡ್ ಎಂಬ ಕರಿಯ ವೈದ್ಯರು ನಡೆಸುತ್ತಿದ್ದ ವಿಮಾ ಕಂಪೆನಿಯ ಏಜೆಂಟರಾದರು.

ವಿಮೆಯ ಕೆಲಸ ಅವರನ್ನು ಹತ್ತಿ ಬೆಳೆಯುವ ಡೆಲ್ಟಾ ಪ್ರದೇಶದ ಗುಡಿಸಲು ಗುಡಿಸಲಿಗೆ ಕರೆದೊಯ್ಯಿತು. ಅಲ್ಲಿನ ಗೇಣಿ ಒಕ್ಕಲುಗಳ ಬದುಕನ್ನು ಅವರು ಹತ್ತಿರದಿಂದ ಕಂಡರು. ವರ್ಷವಿಡೀ ದುಡಿದರೂ ಧಣಿಯ ಲೆಕ್ಕದ ಪುಸ್ತಕದಲ್ಲಿ ಸಾಲವೇ ಉಳಿಯುತ್ತಿತ್ತು. ಲೆಕ್ಕ ಕೇಳುವಂತಿಲ್ಲ, ಜಮೀನು ಬಿಟ್ಟು ಹೋಗುವಂತಿಲ್ಲ. ಅದೇ ವೇಳೆಗೆ ಡಾ. ಹೊವಾರ್ಡ್‌ರ ಸಂಘಟನೆಯು ಒಂದು ಚಳವಳಿ ಆರಂಭಿಸಿತು. ಕರಿಯರಿಗೆ ಪೆಟ್ರೋಲ್ ಮಾರುವ ಬಂಕುಗಳು ಶೌಚಾಲಯದ ಬಾಗಿಲನ್ನು ಮಾತ್ರ ಮುಚ್ಚುತ್ತಿದ್ದವು. ಅಂತಹ ಬಂಕುಗಳಲ್ಲಿ ಪೆಟ್ರೋಲ್ ಕೊಳ್ಳಬಾರದೆಂಬ ಚೀಟಿಗಳನ್ನು ಸಾವಿರಾರು ಕಾರುಗಳಿಗೆ ಅಂಟಿಸಲಾಯಿತು. ಮೆಡ್ಗರ್ ಹಳ್ಳಿ ಹಳ್ಳಿ ಸುತ್ತಿ ಚೀಟಿ ಹಂಚಿದರು. ವ್ಯಾಪಾರಕ್ಕೆ ಪೆಟ್ಟು ಬಿದ್ದಾಗ ಎಷ್ಟೋ ಬಂಕುಗಳು ಕರಿಯರಿಗೂ ಶೌಚಾಲಯ ಒದಗಿಸಿದವು. ಒಗ್ಗಟ್ಟಿನ ಮೊದಲ ಪಾಠ ಅದು.

ಕೋವಿಯೋ ಕಾನೂನೋ?

ಆ ದಿನಗಳಲ್ಲಿ ಮೆಡ್ಗರ್‌ರ ಮನಸ್ಸಿನಲ್ಲಿ ಒಂದು ದೊಡ್ಡ ಹೊಯ್ದಾಟ ನಡೆಯಿತು. ಆಫ್ರಿಕದ ಕೆನ್ಯಾದಲ್ಲಿ ಬ್ರಿಟಿಷರ ವಿರುದ್ಧ ಮೌ ಮೌ ಹೋರಾಟ ಭುಗಿಲೆದ್ದಿತ್ತು. ಅಲ್ಲಿನ ನಾಯಕ ಜೋಮೊ ಕೆನ್ಯಾಟಾರನ್ನು ಮೆಡ್ಗರ್ ಬಹಳ ಮೆಚ್ಚಿದ್ದರು. ಡೆಲ್ಟಾದಲ್ಲೂ ಕರಿಯರ ಸಶಸ್ತ್ರ ಪಡೆ ಕಟ್ಟಿದರೇನು ಎಂದು ಗಂಭೀರವಾಗಿಯೇ ಯೋಚಿಸಿದರು. 1953ರಲ್ಲಿ ಹುಟ್ಟಿದ ಚೊಚ್ಚಲ ಮಗನಿಗೆ ಡ್ಯಾರೆಲ್ ಕೆನ್ಯಾಟಾ ಎಂದು ಹೆಸರಿಟ್ಟರು.

ಆದರೆ ಅವರು ಆ ದಾರಿ ಹಿಡಿಯಲಿಲ್ಲ. ತಾಯಿಯಿಂದ ಬಂದ ಧರ್ಮಶ್ರದ್ಧೆ ಅವರನ್ನು ತಡೆಯಿತು. ಒಂದು ದ್ವೇಷವನ್ನು ಇನ್ನೊಂದು ದ್ವೇಷ ತೊಳೆಯದು, ನಾಳೆ ಇದೇ ನೆಲದಲ್ಲಿ ಇದೇ ಬಿಳಿಯರೊಂದಿಗೆ ಬಾಳಬೇಕಾಗಿದೆ ಎಂಬ ವಿವೇಕ ಗೆದ್ದಿತು. ಮನೆ ಮಂದಿಯ ರಕ್ಷಣೆಗೆ ಬಂದೂಕು ಇಟ್ಟುಕೊಂಡಿದ್ದರೆಂಬುದು ನಿಜ. ಆದರೆ ಹೋರಾಟದ ಅಸ್ತ್ರವಾಗಿ ಅವರು ಆರಿಸಿಕೊಂಡದ್ದು ಕಾನೂನು, ಸಂಘಟನೆ ಮತ್ತು ಸತ್ಯದ ದಾಖಲೆಯನ್ನು. ಕೋಪವನ್ನು ನುಂಗಿದವನ ಸಹನೆಗೂ ಅಂಜುಬುರುಕನ ಸಹನೆಗೂ ಇರುವ ಅಂತರ ಇಲ್ಲಿದೆ. ಕೈಯಲ್ಲಿ ಶಕ್ತಿಯಿದ್ದೂ ಅದನ್ನು ಹತೋಟಿಯಲ್ಲಿಟ್ಟವನದೇ ನಿಜವಾದ ಸಹನೆ.

1954ರ ಜನವರಿಯಲ್ಲಿ ಅವರು ಬಿಳಿಯರಿಗಷ್ಟೇ ಮೀಸಲಾಗಿದ್ದ ಮಿಸಿಸಿಪ್ಪಿ ವಿಶ್ವವಿದ್ಯಾನಿಲಯದ ಕಾನೂನು ಕಾಲೇಜಿಗೆ ಅರ್ಜಿ ಹಾಕಿದರು. ಶಿಫಾರಸು ಪತ್ರಗಳು ಕ್ರಮಬದ್ಧವಾಗಿಲ್ಲವೆಂಬ ನೆಪದಲ್ಲಿ ಅರ್ಜಿ ತಿರಸ್ಕೃತವಾಯಿತು. ಅದೇ ವರ್ಷದ ಮೇ 17ರಂದು ಅಮೇರಿಕದ ಸುಪ್ರೀಂ ಕೋರ್ಟು, ಸರಕಾರಿ ಶಾಲೆಗಳಲ್ಲಿ ಬಣ್ಣದ ಆಧಾರದಲ್ಲಿ ಮಕ್ಕಳನ್ನು ಬೇರ್ಪಡಿಸುವುದು ಸಂವಿಧಾನ ವಿರೋಧಿ ಎಂದು ತೀರ್ಪಿತ್ತಿತು. ತೀರ್ಪು ಬಂದ ಕೆಲವೇ ವಾರಗಳಲ್ಲಿ ಮಿಸಿಸಿಪ್ಪಿಯ ಇಂಡಿಯಾನೋಲಾದಲ್ಲಿ ಬಿಳಿಯ ವ್ಯಾಪಾರಿಗಳು, ಬ್ಯಾಂಕಿನವರು, ವಕೀಲರು ಸೇರಿ 'ಸಿಟಿಜನ್ಸ್ ಕೌನ್ಸಿಲ್' ಕಟ್ಟಿದರು. ಅವರ ಅಸ್ತ್ರ ಹಗ್ಗವಲ್ಲ, ಹೊಟ್ಟೆ. 1955ರಲ್ಲಿ ಯಾಜೂ ಸಿಟಿಯ 53 ಮಂದಿ ಕರಿಯ ಹೆತ್ತವರು ತೀರ್ಪನ್ನು ಜಾರಿಗೊಳಿಸಬೇಕೆಂಬ ಮನವಿಗೆ ಸಹಿ ಹಾಕಿದಾಗ, ಅವರ ಹೆಸರುಗಳನ್ನು ಪತ್ರಿಕೆಯಲ್ಲಿ ದೊಡ್ಡದಾಗಿ ಅಚ್ಚು ಹಾಕಿಸಲಾಯಿತು. ಕೂಲಿ ಹೋಯಿತು, ಸಾಲ ನಿಂತಿತು, ಅಂಗಡಿಗೆ ಸರಕು ಬರಲಿಲ್ಲ. ಕೊನೆಗೆ ಬಹುತೇಕ ಎಲ್ಲರೂ ತಮ್ಮ ಹೆಸರನ್ನು ಹಿಂದೆಗೆದುಕೊಂಡರು.

ಕಡತಗಳಲ್ಲಿ ಉಳಿದ ಸತ್ಯ

ಕರಿಯರ ಹಕ್ಕುಗಳಿಗಾಗಿ 1909ರಿಂದ ದುಡಿಯುತ್ತಿದ್ದ ಎನ್.ಎ.ಎ.ಸಿ.ಪಿ. ಎಂಬ ರಾಷ್ಟ್ರೀಯ ಸಂಘವು 1954ರ ಕೊನೆಗೆ ಮೆಡ್ಗರ್‌ರನ್ನು ಮಿಸಿಸಿಪ್ಪಿಯ ಮೊದಲ ಕ್ಷೇತ್ರ ಕಾರ್ಯದರ್ಶಿಯಾಗಿ ನೇಮಿಸಿತು. ರಾಜಧಾನಿ ಜಾಕ್ಸನ್‌ನಲ್ಲಿ ಕಚೇರಿ ತೆರೆಯಿತು. ಮೈರ್ಲಿಯವರೇ ಅಲ್ಲಿ ಸೆಕ್ರೆಟರಿ. ಆ ಕಚೇರಿಯೊಳಗೆ ಗಂಡ ಹೆಂಡತಿ ಪರಸ್ಪರರನ್ನು ಮಿಸ್ಟರ್ ಎವರ್ಸ್, ಮಿಸೆಸ್ ಎವರ್ಸ್ ಎಂದೇ ಕರೆಯುತ್ತಿದ್ದರು. ಇದು ಬರಿಯ ಶಿಷ್ಟಾಚಾರವಲ್ಲ. ಎಷ್ಟೇ ವಯಸ್ಸಾದ ಕರಿಯನನ್ನೂ ಬಿಳಿಯರು ಹುಡುಗಾ ಎಂದೋ ಬರೀ ಹೆಸರು ಹಿಡಿದೋ ಕೂಗುತ್ತಿದ್ದ ನಾಡಿನಲ್ಲಿ, ಕನಿಷ್ಠ ಆ ನಾಲ್ಕು ಗೋಡೆಗಳ ಒಳಗಾದರೂ ಕರಿಯನ ಹೆಸರಿಗೆ ಮರ್ಯಾದೆ ಸಿಗಬೇಕೆಂಬುದು ಮೆಡ್ಗರ್‌ರ ಹಟವಾಗಿತ್ತು.

ಕೆಲಸ ಆರಂಭಿಸಿದ ವರ್ಷವೇ ಕೊಲೆಗಳ ಸರಣಿ ಅವರ ಮೇಜಿಗೆ ಬಂತು. 1955ರ ಮೇ 7ರಂದು ಬೆಲ್ಜೋನಿಯಲ್ಲಿ ಕರಿಯರ ಹೆಸರನ್ನು ಮತದಾರರ ಪಟ್ಟಿಗೆ ಸೇರಿಸುತ್ತಿದ್ದ ಪಾದ್ರಿ ಜಾರ್ಜ್ ಲೀಯವರನ್ನು ಕಾರಿನಲ್ಲೇ ಗುಂಡಿಕ್ಕಿ ಕೊಲ್ಲಲಾಯಿತು. ಮುಖದಲ್ಲಿ ಸಿಕ್ಕಿದ ಸೀಸದ ಚೂರುಗಳು ಹಲ್ಲಿಗೆ ತುಂಬಿದ ಲೋಹವಿರಬಹುದೆಂದು ಅಲ್ಲಿನ ಶೆರಿಫ್ ಹೇಳಿದ. ಆಗಸ್ಟ್ 13ರಂದು ಬ್ರೂಕ್‌ಹೇವನ್‌ನಲ್ಲಿ ಲಮಾರ್ ಸ್ಮಿತ್ ಎಂಬವರನ್ನು ಹಾಡಹಗಲಲ್ಲಿ, ನ್ಯಾಯಾಲಯದ ಅಂಗಳದಲ್ಲೇ ಕೊಂದರು. ಅವರೂ ಕರಿಯರನ್ನು ಮತ ಹಾಕಲು ಹುರಿದುಂಬಿಸುತ್ತಿದ್ದವರು. ಸುತ್ತಲೂ ಜನರಿದ್ದರು. ಸಾಕ್ಷಿ ಹೇಳಲು ಒಬ್ಬನೂ ಮುಂದೆ ಬರಲಿಲ್ಲ. ಎರಡೂ ಕೊಲೆಗಳ ವಿಚಾರಣೆಯೇ ನಡೆಯಲಿಲ್ಲ.

ಅದೇ ತಿಂಗಳ 28ರಂದು ಎಮ್ಮೆಟ್ ಟಿಲ್‌ನ ಕೊಲೆಯಾಯಿತು. ಶಿಕಾಗೊದಿಂದ ನೆಂಟರ ಮನೆಗೆ ಬಂದಿದ್ದ ಹದಿನಾಲ್ಕರ ಬಾಲಕ ಅವನು. ಅಂಗಡಿಯಲ್ಲಿ ಬಿಳಿಯ ಹೆಂಗಸಿನೊಡನೆ ಸಲಿಗೆ ತೋರಿದನೆಂಬ ಆರೋಪ ಹೊರಿಸಿ ಅವನನ್ನು ನಡುರಾತ್ರಿ ಎತ್ತಿಕೊಂಡು ಹೋದರು. ಆಗಲೇ ಮೆಡ್ಗರ್ ಮತ್ತು ಸಂಗಡಿಗರು ಕೂಲಿಗಳ ವೇಷದಲ್ಲಿ ತೋಟಗಳನ್ನು ಸುತ್ತಿ ಸಾಕ್ಷಿಗಳನ್ನು ಹುಡುಕಿದ್ದು. ಆ ಶ್ರಮ ವ್ಯರ್ಥವಾಗಲಿಲ್ಲ. ಹುಡುಗನ ಅಜ್ಜನ ಸ್ಥಾನದಲ್ಲಿದ್ದ ಮೋಸ್ ರೈಟ್ ಎಂಬ ಮುದುಕ ತುಂಬಿದ ನ್ಯಾಯಾಲಯದಲ್ಲಿ ಎದ್ದು ನಿಂತು, ಹುಡುಗನನ್ನು ಒಯ್ದ ಬಿಳಿಯರತ್ತ ಬೆರಳು ತೋರಿಸಿದರು. ಮಿಸಿಸಿಪ್ಪಿಯಲ್ಲಿ ಅಂದು ಅದು ಊಹಿಸಲಾಗದ ಧೈರ್ಯ. ಹಾಗಿದ್ದರೂ ಬಿಳಿಯ ಗಂಡಸರ ಜ್ಯೂರಿ ಒಂದು ಗಂಟೆಗಿಂತ ತುಸು ಹೆಚ್ಚು ಸಮಯದಲ್ಲಿ ಆರೋಪಿಗಳಿಬ್ಬರನ್ನೂ ಬಿಡುಗಡೆ ಮಾಡಿತು. ನಾಲ್ಕು ತಿಂಗಳ ಬಳಿಕ ಅದೇ ಇಬ್ಬರು ಪತ್ರಿಕೆಯೊಂದರಿಂದ ಹಣ ಪಡೆದು ತಾವೇ ಕೊಂದೆವೆಂದು ಒಪ್ಪಿಕೊಂಡರು. ಒಮ್ಮೆ ಬಿಡುಗಡೆಯಾದವರನ್ನು ಅದೇ ಅಪರಾಧಕ್ಕೆ ಮತ್ತೆ ವಿಚಾರಣೆಗೆ ಎಳೆಯಲು ಕಾನೂನು ಬಿಡಲಿಲ್ಲ. ಸಾಕ್ಷಿ ಹೇಳಿದ ಮೋಸ್ ರೈಟ್ ಮಾತ್ರ ಹುಟ್ಟೂರು ತೊರೆಯಬೇಕಾಯಿತು.

ನಿರಾಶರಾಗಲು ಇಷ್ಟು ಸಾಲದೇ? ಮೆಡ್ಗರ್ ನಿರಾಶರಾಗಲಿಲ್ಲ. ಎಲ್ಲೇ ಹಲ್ಲೆ ನಡೆಯಲಿ, ಕೊಲೆಯಾಗಲಿ, ಅವರ ಕಾರು ಅಲ್ಲಿಗೆ ಧಾವಿಸುತ್ತಿತ್ತು. ಗಾಯಾಳುವಿನ ಬಳಿ, ವಿಧವೆಯ ಬಳಿ ಕುಳಿತು ನಡೆದದ್ದನ್ನು ಕೇಳುವರು, ಬರೆದುಕೊಳ್ಳುವರು, ಸಹಿ ಹಾಕಿಸುವರು. ಸ್ಥಳೀಯ ಪತ್ರಿಕೆಗಳು ಮುಚ್ಚಿಡುತ್ತಿದ್ದ ಸುದ್ದಿಗಳು ಈ ಕಡತಗಳ ಮೂಲಕ ನ್ಯೂಯಾರ್ಕಿಗೂ ವಾಷಿಂಗ್ಟನ್ನಿಗೂ ತಲುಪತೊಡಗಿದವು. ಇಂದಿನ ನ್ಯಾಯಾಲಯ ಕೇಳದಿದ್ದರೂ ನಾಳೆಯ ನ್ಯಾಯಾಲಯಕ್ಕಾಗಿ ಸತ್ಯ ಬರೆದಿಟ್ಟಿರಬೇಕು ಎಂಬ ನಂಬಿಕೆಯಿಲ್ಲದೆ ಇಂತಹ ಕೆಲಸ ಸಾಧ್ಯವಿಲ್ಲ.

ಕ್ಲೈಡ್ ಕೆನ್ನಾರ್ಡ್‌ರ ಪ್ರಕರಣವು ಮೆಡ್ಗರ್‌ರನ್ನು ತೀವ್ರವಾಗಿ ಕಲಕಿತು. ಸೈನ್ಯದಲ್ಲಿದ್ದು ಬಂದು ಕೋಳಿ ಸಾಕಣೆ ನಡೆಸುತ್ತಿದ್ದ ಕೆನ್ನಾರ್ಡ್ ತಮ್ಮೂರ ಪಕ್ಕದ ಬಿಳಿಯರ ಕಾಲೇಜಿಗೆ ಸೇರಬಯಸಿದರು. ಅದೇ ತಪ್ಪಾಯಿತು. 1960ರಲ್ಲಿ 25 ಡಾಲರ್ ಬೆಲೆಯ ಕೋಳಿ ಆಹಾರದ ಕಳವಿಗೆ ಪ್ರೇರೇಪಿಸಿದರೆಂದು ಅವರಿಗೆ ಏಳು ವರ್ಷ ಸೆರೆ ವಿಧಿಸಲಾಯಿತು. ಇದು ನ್ಯಾಯದ ಅಣಕವೆಂದು ಬಹಿರಂಗವಾಗಿ ಹೇಳಿದ್ದಕ್ಕೆ ಮೆಡ್ಗರ್‌ರಿಗೂ ನ್ಯಾಯಾಂಗ ನಿಂದನೆಯ ಹೆಸರಲ್ಲಿ 30 ದಿನಗಳ ಸಜೆ ಮತ್ತು 100 ಡಾಲರ್ ದಂಡ ವಿಧಿಸಿದರು. ಮೇಲಿನ ನ್ಯಾಯಾಲಯ ಆ ಶಿಕ್ಷೆಯನ್ನು ರದ್ದುಪಡಿಸಿತು. ಸಭೆಯೊಂದರಲ್ಲಿ ಕೆನ್ನಾರ್ಡ್‌ರ ಸಂಕಟವನ್ನು ವಿವರಿಸುತ್ತಾ ಆ ಗಟ್ಟಿ ಮನುಷ್ಯ ಎಲ್ಲರೆದುರು ಅತ್ತುಬಿಟ್ಟರು. ಸೆರೆಯಲ್ಲಿ ಕ್ಯಾನ್ಸರ್‌ಗೆ ತುತ್ತಾದ ಕೆನ್ನಾರ್ಡ್ 1963ರ ಜುಲೈಯಲ್ಲಿ ತೀರಿಕೊಂಡರು. ಅವರು ನಿರಪರಾಧಿ ಎಂದು ನ್ಯಾಯಾಲಯ ಸಾರಿದ್ದು 2006ರಲ್ಲಿ.

ಜಾಕ್ಸನ್ ಬೀದಿಗಳಲ್ಲಿ

1962ರಲ್ಲಿ ಜೇಮ್ಸ್ ಮೆರೆಡಿತ್ ಎಂಬ ತರುಣ ಮಿಸಿಸಿಪ್ಪಿ ವಿಶ್ವವಿದ್ಯಾನಿಲಯದ ಬಾಗಿಲು ತೆರೆಸಿದರು. ಎಂಟು ವರ್ಷಗಳ ಹಿಂದೆ ಮೆಡ್ಗರ್‌ರ ಮುಖಕ್ಕೆ ಮುಚ್ಚಿದ ಅದೇ ಬಾಗಿಲು. ಮೆರೆಡಿತ್‌ರಿಗೆ ವಕೀಲರ ನೆರವು ದೊರಕುವಂತೆ ಮಾಡಿದವರಲ್ಲಿ ಮೆಡ್ಗರ್ ಒಬ್ಬರು. ತಾನು ದಾಟಲಾಗದ ಹೊಸ್ತಿಲನ್ನು ಇನ್ನೊಬ್ಬ ದಾಟಿದಾಗ ಹೊಟ್ಟೆಕಿಚ್ಚು ಪಡದೆ ಸಂತೋಷಪಡುವುದು ಸಣ್ಣ ಗುಣವಲ್ಲ.

ಆ ವರ್ಷದ ಡಿಸೆಂಬರ್‌ನಲ್ಲಿ ಜಾಕ್ಸನ್‌ನ ಮುಖ್ಯ ಪೇಟೆಯಾದ ಕ್ಯಾಪಿಟಲ್ ಸ್ಟ್ರೀಟ್‌ನ ಅಂಗಡಿಗಳಿಗೆ ಬಹಿಷ್ಕಾರ ಆರಂಭವಾಯಿತು. ಬೇಡಿಕೆಗಳು ಏನಿದ್ದವು? ಕರಿಯರಿಗೆ ಅಂಗಡಿಗಳಲ್ಲಿ ಕೆಲಸ ಕೊಡಬೇಕು. ಕುಡಿಯುವ ನೀರಿನ ನಲ್ಲಿ ಮತ್ತು ಶೌಚಾಲಯಗಳಲ್ಲಿ ಭೇದ ನಿಲ್ಲಬೇಕು. ಮೊದಲು ಬಂದವರಿಗೆ ಮೊದಲು ಸಾಮಾನು ಕೊಡಬೇಕು. ಗಿರಾಕಿಗಳನ್ನು ಮಿಸ್ಟರ್, ಮಿಸೆಸ್ ಎಂದು ಕರೆಯಬೇಕು. ಅಷ್ಟೇ! ಇವೆಲ್ಲ ಮನುಷ್ಯನು ಮನುಷ್ಯನಿಗೆ ತೋರಬೇಕಾದ ತೀರಾ ಸಾಮಾನ್ಯ ಮರ್ಯಾದೆ. ನಗರದ ಮೇಯರ್ ಅದನ್ನೂ ನಿರಾಕರಿಸಿದ.

1963ರ ಮೇ 20ರಂದು ಮೆಡ್ಗರ್ ಟಿ.ವಿ.ಯಲ್ಲಿ ಮೇಯರ್‌ನ ಮಾತಿಗೆ ಉತ್ತರ ಕೊಟ್ಟರು. ಹದಿನೇಳು ನಿಮಿಷ ಯಾವ ಕೂಗಾಟವೂ ಇಲ್ಲದೆ, ಕರಿಯನೊಬ್ಬನು ತನ್ನದೇ ನಗರದಲ್ಲಿ ದಿನವಿಡೀ ಎದುರಿಸುವ ಅಪಮಾನಗಳನ್ನು ಒಂದೊಂದಾಗಿ ಬಿಚ್ಚಿಟ್ಟರು. ಅಂದಿನಿಂದ ಅವರ ಮುಖ ರಾಜ್ಯಕ್ಕೆಲ್ಲ ಪರಿಚಿತವಾಯಿತು. ಅವರ ಮಿತ್ರರಿಗಷ್ಟೇ ಅಲ್ಲ, ವೈರಿಗಳಿಗೂ. ಮೇ 28ರಂದು ವೂಲ್‌ವರ್ತ್ ಅಂಗಡಿಯ ಊಟದ ಕೌಂಟರಿನಲ್ಲಿ ಬಿಳಿಯರ ಜಾಗದಲ್ಲಿ ಕುಳಿತ ವಿದ್ಯಾರ್ಥಿಗಳನ್ನು ಹೊಡೆದು ತಲೆಗೆ ಸಾಸು, ಸಕ್ಕರೆ ಸುರಿಯಲಾಯಿತು. ಅದೇ ರಾತ್ರಿ ಮೆಡ್ಗರ್‌ರ ಮನೆಗೆ ಪೆಟ್ರೋಲ್ ಬಾಂಬ್ ಎಸೆದರು. ಮೈರ್ಲಿಯವರೇ ತೋಟಕ್ಕೆ ನೀರುಣಿಸುವ ಪೈಪಿನಿಂದ ಬೆಂಕಿ ಆರಿಸಿದರು.

ಆ ಮನೆಗೆ ಬೀದಿಯ ಕಡೆ ಬಾಗಿಲಿರಲಿಲ್ಲ. ಪ್ರವೇಶ ಪಕ್ಕದ ಕಾರು ನಿಲ್ಲಿಸುವ ಜಾಗದಿಂದ. ಮೂವರು ಮಕ್ಕಳಿಗೆ ತಂದೆ ಕಲಿಸಿದ್ದ ಪಾಠವೆಂದರೆ, ಗುಂಡಿನ ಸದ್ದು ಕೇಳಿದೊಡನೆ ನೆಲಕ್ಕೆ ಮಲಗಿ ತೆವಳುತ್ತಾ ಸ್ನಾನದ ತೊಟ್ಟಿಯೊಳಗೆ ಅಡಗಬೇಕು ಎಂಬುದು. ಇಂತಹ ಪಾಠವನ್ನು ಮಕ್ಕಳಿಗೆ ಕಲಿಸುವಾಗ ಆ ತಂದೆಯ ಕರುಳು ಹೇಗಾಗಿರಬಹುದು! ರಾಜ್ಯ ಬಿಟ್ಟು ಹೋಗಲು ಅವಕಾಶಗಳಿದ್ದವು. ಮೆಡ್ಗರ್ ಹೋಗಲಿಲ್ಲ. ಮಿಸಿಸಿಪ್ಪಿ ತನ್ನ ನೆಲ, ಅದನ್ನು ಸರಿಪಡಿಸುವ ಹೊಣೆ ತನ್ನದು ಎಂಬುದು ಅವರ ನಿಲುವು.

ಆ ರಾತ್ರಿ

1963ರ ಜೂನ್ 11ರ ರಾತ್ರಿ ಅಧ್ಯಕ್ಷ ಕೆನೆಡಿ ಟಿ.ವಿ.ಯಲ್ಲಿ ದೇಶವನ್ನುದ್ದೇಶಿಸಿ ಮಾತನಾಡಿ, ಜನಾಂಗೀಯ ಸಮಾನತೆಯು ನೈತಿಕ ಪ್ರಶ್ನೆಯೆಂದು ಸಾರಿದರು, ಹೊಸ ಕಾನೂನು ತರುವುದಾಗಿ ಘೋಷಿಸಿದರು. ಮೈರ್ಲಿ ಮಕ್ಕಳೊಂದಿಗೆ ಆ ಭಾಷಣ ನೋಡಿ ಗಂಡನಿಗಾಗಿ ಕಾಯುತ್ತಿದ್ದರು. ಸಭೆ ಮುಗಿಸಿದ ಮೆಡ್ಗರ್‌ರ ಕಾರು ನಡುರಾತ್ರಿ ಕಳೆದ ಮೇಲೆ ಮನೆಯಂಗಳ ಸೇರಿತು. ಮಕ್ಕಳು ಅಪ್ಪ ಬಂದರೆಂದು ಸಂಭ್ರಮಿಸಿದರು. ಕೈಯಲ್ಲಿ ಚಳವಳಿಯ ಅಂಗಿಗಳ ಕಟ್ಟು ಹಿಡಿದು ಅವರು ಕಾರಿನಿಂದಿಳಿದದ್ದೇ ತಡ, ಎದುರಿನ ಪೊದೆಯಿಂದ ಹಾರಿದ ಗುಂಡು ಬೆನ್ನನ್ನು ಹೊಕ್ಕು ಎದೆ ಸೀಳಿ ಮನೆಯೊಳಗೆ ನುಗ್ಗಿತು. ರಕ್ತ ಸುರಿಸುತ್ತಲೇ ಅವರು ಬಾಗಿಲವರೆಗೆ ತೆವಳಿದರು. ಕರಿಯರೆಂಬ ಕಾರಣಕ್ಕೆ ಆಸ್ಪತ್ರೆಯಲ್ಲಿ ಮೊದಲು ಹಿಂದೇಟು ಹಾಕಿ ಆಮೇಲೆ ಒಳಗೆ ಸೇರಿಸಿಕೊಂಡರು. ಒಂದು ಗಂಟೆಯೊಳಗೆ ಪ್ರಾಣ ಹೋಯಿತು. ಆಗ ಅವರಿಗೆ ಮೂವತ್ತೇಳು ವರ್ಷ.

ಜೂನ್ 15ರ ಅಂತ್ಯವಿಧಿಗೆ ಸುಮಾರು ಐದು ಸಾವಿರ ಜನ ಸೇರಿದರು. ರೊಚ್ಚಿಗೆದ್ದ ತರುಣರು ಮತ್ತು ಬಂದೂಕುಧಾರಿ ಪೊಲೀಸರು ಎದುರುಬದುರಾದಾಗ, ನ್ಯಾಯಾಂಗ ಇಲಾಖೆಯ ಅಧಿಕಾರಿ ಜಾನ್ ಡೋರ್ ಎಂಬ ಬಿಳಿಯರು ಕಲ್ಲುಗಳ ಸುರಿಮಳೆಯ ನಡುವೆ ಒಬ್ಬರೇ ನಡೆದು ತರುಣರನ್ನು ಸಮಾಧಾನಪಡಿಸಿದರು. ಇಲ್ಲವಾದರೆ ಅಂದು ಹೆಣಗಳು ಉರುಳುತ್ತಿದ್ದವು. ಒಳಿತು ಯಾವ ಬಣ್ಣದ ಸೊತ್ತೂ ಅಲ್ಲ ಎಂಬುದಕ್ಕೆ ಇದೂ ಒಂದು ನಿದರ್ಶನ. ಜೂನ್ 19ರಂದು ವಾಷಿಂಗ್ಟನ್ ಬಳಿಯ ಆರ್ಲಿಂಗ್ಟನ್ ಯೋಧರ ಸಮಾಧಿ ಸ್ಥಳದಲ್ಲಿ ಸೈನಿಕ ಗೌರವದೊಂದಿಗೆ ಮೆಡ್ಗರ್‌ರನ್ನು ದಫನ ಮಾಡಲಾಯಿತು.

ಮೂವತ್ತು ವರ್ಷಗಳ ಬಳಿಕ

ಕೊಲೆಗಾರ ಪತ್ತೆಯಾಗಲು ತಡವಾಗಲಿಲ್ಲ. ಸ್ಥಳದಲ್ಲಿ ಸಿಕ್ಕಿದ ಕೋವಿಯ ದುರ್ಬೀನಿನ ಮೇಲೆ ಗ್ರೀನ್‌ವುಡ್ ಊರಿನ ಬೈರನ್ ಡಿ ಲಾ ಬೆಕ್‌ವಿತ್ ಎಂಬವನ ಬೆರಳಚ್ಚು ಇತ್ತು. ಆತ ಸಿಟಿಜನ್ಸ್ ಕೌನ್ಸಿಲ್‌ನ ಸದಸ್ಯ. 1964ರಲ್ಲಿ ಎರಡು ಬಾರಿ ವಿಚಾರಣೆ ನಡೆಯಿತು. ಎರಡೂ ಬಾರಿ ಜ್ಯೂರಿಯಲ್ಲಿ ಬಿಳಿಯ ಗಂಡಸರೇ. ಕೊಲೆಯ ವೇಳೆಗೆ ಆತನನ್ನು ತಮ್ಮೂರಲ್ಲೇ ಕಂಡೆವೆಂದು ಗ್ರೀನ್‌ವುಡ್‌ನ ಪೊಲೀಸರು ಹೇಳಿದರು. ಆಗಷ್ಟೇ ಅಧಿಕಾರದಿಂದಿಳಿದ ರಾಜ್ಯಪಾಲ ರಾಸ್ ಬಾರ್ನೆಟ್ ನ್ಯಾಯಾಲಯಕ್ಕೇ ಬಂದು ಆರೋಪಿಯ ಕೈಕುಲುಕಿದ. ಎರಡೂ ಬಾರಿ ಜ್ಯೂರಿ ಒಮ್ಮತಕ್ಕೆ ಬರಲಿಲ್ಲ. ಆರೋಪಿ ಮನೆಗೆ ಮರಳಿದ.

ಇಲ್ಲಿಗೆ ಕತೆ ಮುಗಿಯಿತೆಂದು ಎಲ್ಲರೂ ಭಾವಿಸಿದರು. ಮೈರ್ಲಿ ಭಾವಿಸಲಿಲ್ಲ. ಕೊಲೆಗಾರನನ್ನು ಶಿಕ್ಷೆಗೆ ಗುರಿಪಡಿಸುವೆನೆಂದು ಆಕೆ ಗಂಡನಿಗೆ ಮನದಲ್ಲೇ ಮಾತು ಕೊಟ್ಟಿದ್ದರು. ವಿಚಾರಣೆಯ ದಾಖಲೆಯ ಪ್ರತಿಯನ್ನು ವರ್ಷಾನುಗಟ್ಟಲೆ ಜೋಪಾನವಾಗಿಟ್ಟರು. ವರ್ಣಭೇದವನ್ನು ಕಾಪಾಡಲೆಂದು ಸರಕಾರವೇ 1956ರಲ್ಲಿ ಸ್ಥಾಪಿಸಿದ್ದ ಗುಪ್ತ ಆಯೋಗವೊಂದು ಜ್ಯೂರಿಗೆ ಬರಬಹುದಾದವರ ಬಗ್ಗೆ ಆರೋಪಿಯ ವಕೀಲರಿಗೆ ಮಾಹಿತಿ ಒದಗಿಸಿತ್ತೆಂಬ ಸಂಗತಿಯನ್ನು 1989ರಲ್ಲಿ ಜಾಕ್ಸನ್‌ನ ಪತ್ರಿಕೆಯೊಂದು ಬಯಲಿಗೆಳೆಯಿತು. ಪ್ರಕರಣಕ್ಕೆ ಮತ್ತೆ ಜೀವ ಬಂತು. ನ್ಯಾಯಾಲಯದಲ್ಲಿ ಕಾಣೆಯಾಗಿದ್ದ ದಾಖಲೆಯ ಬದಲಿಗೆ ಮೈರ್ಲಿ ಕಾಪಾಡಿದ್ದ ಪ್ರತಿ ಕೆಲಸಕ್ಕೆ ಬಂತು. ಕಳೆದುಹೋಗಿದೆಯೆಂದಿದ್ದ ಕೋವಿ ತೀರಿಕೊಂಡ ನ್ಯಾಯಾಧೀಶರೊಬ್ಬರ ಮನೆಯಲ್ಲಿ ದೊರೆಯಿತು. ತಾನು ಕೊಂದೆನೆಂದು ಬೆಕ್‌ವಿತ್ ಜಂಬ ಕೊಚ್ಚಿದ್ದನ್ನು ಕೇಳಿದ್ದವರು ಒಬ್ಬೊಬ್ಬರಾಗಿ ಬಂದು ಸಾಕ್ಷಿ ಹೇಳಿದರು. ಬಾಯಿ ಮುಚ್ಚಿದ ನಾಡು ಕೊನೆಗೂ ಬಾಯಿ ತೆರೆಯಿತು.

1994ರ ಫೆಬ್ರವರಿ 5ರಂದು ಬೆಕ್‌ವಿತ್ ಅಪರಾಧಿಯೆಂದು ತೀರ್ಪಾಯಿತು. ಜೀವಾವಧಿ ಶಿಕ್ಷೆ ಅನುಭವಿಸುತ್ತಲೇ ಆತ 2001ರಲ್ಲಿ ಸತ್ತ. ಆ ತೀರ್ಪಿನಲ್ಲಿ ಗಮನಿಸಬೇಕಾದ ಒಂದು ಸಂಗತಿಯಿದೆ. ಈ ಬಾರಿಯ ಜ್ಯೂರಿಯಲ್ಲಿ ಎಂಟು ಮಂದಿ ಕರಿಯರಿದ್ದರು, ನಾಲ್ವರು ಬಿಳಿಯರು. ಅವರು ಅಲ್ಲಿಗೆ ಬಂದದ್ದು ಹೇಗೆ? ಮತದ ಹಕ್ಕಿನಿಂದ. ಕೆನೆಡಿ ಘೋಷಿಸಿದ ನಾಗರಿಕ ಹಕ್ಕುಗಳ ಕಾಯಿದೆಗೆ 1964ರ ಜುಲೈ 2ರಂದು ಅಂಕಿತ ಬಿತ್ತು. ಬದುಕಿದ್ದರೆ ಮೆಡ್ಗರ್‌ರಿಗೆ ಅಂದು ಮೂವತ್ತೊಂಬತ್ತು ತುಂಬುತ್ತಿತ್ತು. 1965ರಲ್ಲಿ ಮತದ ಹಕ್ಕಿನ ಕಾಯಿದೆಯೂ ಬಂತು. ಅದಕ್ಕೆ ಮೊದಲು ಮಿಸಿಸಿಪ್ಪಿಯ ಅರ್ಹ ಕರಿಯರಲ್ಲಿ ಪಟ್ಟಿಗೆ ಸೇರಿದ್ದವರು ಶೇಕಡಾ 6.7 ಮಾತ್ರ. 1967ರ ಹೊತ್ತಿಗೆ ಅದು ಶೇಕಡಾ 59.8ಕ್ಕೆ ಏರಿತು. ಯಾವ ಹಕ್ಕಿಗಾಗಿ ಮೆಡ್ಗರ್ ಪ್ರಾಣ ಕೊಟ್ಟರೋ ಅದೇ ಹಕ್ಕು ಮೂವತ್ತು ವರ್ಷಗಳ ನಂತರ ಅವರ ಕೊಲೆಗಾರನ ಮೇಲೆ ತೀರ್ಪು ನೀಡಿತು.

ಎಲ್ಲವೂ ಸರಿಹೋಯಿತೆಂದು ಹೇಳುವಂತಿಲ್ಲ. ಜಾಕ್ಸನ್‌ನ ಶಾಲೆಗಳಲ್ಲಿ ಭೇದ ಕೊನೆಗೊಳಿಸಲು ಮೆಡ್ಗರ್ ತನ್ನ ಮಕ್ಕಳ ಹೆಸರಿನಲ್ಲೂ ದಾವೆ ಹೂಡಿದ್ದರು. 1969ರಲ್ಲಿ ಸುಪ್ರೀಂ ಕೋರ್ಟು ಇನ್ನು ವಿಳಂಬ ಸಲ್ಲದೆಂದು ಮಿಸಿಸಿಪ್ಪಿಗೆ ಕಟ್ಟಪ್ಪಣೆ ಮಾಡಿತು. ಆಗ ಅನೇಕ ಬಿಳಿಯ ಹೆತ್ತವರು ಖಾಸಗಿ ಶಾಲೆಗಳನ್ನು ತೆರೆದು ಮಕ್ಕಳನ್ನು ಅಲ್ಲಿಗೆ ಸಾಗಿಸಿದರು. ಕಾನೂನು ಬಾಗಿಲನ್ನು ತೆರೆಯಬಲ್ಲದು, ಹೃದಯವನ್ನು ತೆರೆಯುವ ಕೆಲಸ ಮನುಷ್ಯರದ್ದು.

ಜಾಕ್ಸನ್‌ನ ವಿಮಾನ ನಿಲ್ದಾಣಕ್ಕೆ 2004ರಲ್ಲಿ ಅವರ ಹೆಸರಿಟ್ಟರು. ಅವರ ಮನೆ 2020ರಲ್ಲಿ ರಾಷ್ಟ್ರೀಯ ಸ್ಮಾರಕವಾಯಿತು. 2024ರಲ್ಲಿ ಅಮೇರಿಕದ ಅತ್ಯುನ್ನತ ನಾಗರಿಕ ಗೌರವ ಮರಣೋತ್ತರವಾಗಿ ಸಂದಿತು. ಆದರೆ ಆ ಮನುಷ್ಯನ ಹಿರಿಮೆ ಈ ಬಿರುದುಗಳಲ್ಲಿಲ್ಲ. ಯಾರೂ ಕೇಳದ ಕಾಲದಲ್ಲಿ, ಯಾವ ನ್ಯಾಯಾಲಯವೂ ಒಪ್ಪದ ಕಾಲದಲ್ಲಿ, ಮರ್ದಿತರ ಮನೆಬಾಗಿಲಿಗೆ ಹೋಗಿ ಅವರ ನೋವನ್ನು ಬರೆದಿಟ್ಟದ್ದರಲ್ಲಿದೆ.

ನಮ್ಮ ಕಣ್ಣೆದುರೂ ಅನ್ಯಾಯಗಳು ನಡೆಯುತ್ತವೆ. ಬೀದಿಯಲ್ಲಿ, ಕೆಲಸದ ಜಾಗದಲ್ಲಿ, ಒಮ್ಮೊಮ್ಮೆ ನಮ್ಮದೇ ಮನೆಯೊಳಗೆ. ನಮಗೇಕೆ ಇಲ್ಲದ ಉಸಾಬರಿ ಎಂದು ಮುಖ ತಿರುಗಿಸುವುದು ಸುಲಭ. ಹಾಗೆ ಮುಖ ತಿರುಗಿಸಿದಾಗಲೆಲ್ಲ ಡಿಕೇಟರ್‌ನ ಹೊಲದಲ್ಲಿ ಬಿದ್ದಿದ್ದ ಆ ರಕ್ತಸಿಕ್ತ ಬಟ್ಟೆಗಳನ್ನೂ ಅವುಗಳ ಪಕ್ಕದಲ್ಲೇ ಮೌನವಾಗಿ ನಡೆದುಹೋದ ಊರ ಜನರನ್ನೂ ಒಮ್ಮೆ ನೆನೆಯೋಣ. ಆ ಜನರ ಸಾಲಿನಲ್ಲಿ ನಾವು ನಿಲ್ಲಬೇಕೇ ಅಥವಾ ಆ ಬಾಲಕನ ಪಕ್ಕದಲ್ಲಿಯೇ? ಉತ್ತರವನ್ನು ನಮ್ಮ ನಮ್ಮ ಮನಸ್ಸಾಕ್ಷಿಯೇ ಹೇಳಬೇಕು.